ವಾಲಿದ ವಿಡಿಯೊ ಬೇರೆ, ಸುಳ್ಳು ವಿಡಿಯೊ ಬೇರೆ

ರಾಜಕೀಯ ವಿಡಿಯೊ ನೋಡಿದವರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಈ ಚಾನೆಲ್ ನಂಬಬಹುದಾ?" ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಹೇಳುತ್ತಿರುವುದು ನಿಜವಾ ಅನ್ನುವುದು ಒಂದು. ಹೇಳುವವರು ಯಾರ ಕಡೆ ವಾಲಿದ್ದಾರೆ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಒಂದು ಪಕ್ಷದ ಪರವಾಗಿ ಬಹಿರಂಗವಾಗಿ ಮಾತಾಡುವವರು ಕೊಟ್ಟ ಅಂಕಿಅಂಶ ಪೂರ್ತಿ ಸರಿ ಇರಬಹುದು. ಎರಡೂ ಕಡೆಯವರನ್ನು ಕೂರಿಸಿಕೊಂಡು ತಣ್ಣಗೆ ಮಾತಾಡುವವರು ಹಸಿ ಸುಳ್ಳನ್ನೇ ದಾಟಿಸುತ್ತಿರಬಹುದು. ನನ್ನನ್ನು ಕೇಳಿದರೆ, ತನ್ನ ನಿಲುವನ್ನು ಮುಚ್ಚಿಡದೆ ದಾಖಲೆ ತೋರಿಸುವವರೇ ವಾಸಿ. ನಿಲುವೇ ಇಲ್ಲ ಎಂದು ನಟಿಸುತ್ತಾ ದಾಖಲೆಯನ್ನೂ ತೋರಿಸದವರ ಬಗ್ಗೆ ಜಾಸ್ತಿ ಎಚ್ಚರ ಬೇಕು.

ಮೊದಲು ನಿಜ-ಸುಳ್ಳಿನ ವಿಷಯ ನೋಡೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 3,446 ಹೈಸ್ಕೂಲ್ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, 2019ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಯ ಒಂದು ಭಾಗದಲ್ಲಿ ಫೇಸ್‌ಬುಕ್‌ನ ಒಂದು ಮಸುಕು ವಿಡಿಯೊ ಇತ್ತು. ಮತಗಟ್ಟೆಯೊಳಗೆ ಯಾರೋ ಪೆಟ್ಟಿಗೆಗೆ ಕಂತೆ ಕಂತೆ ಮತಪತ್ರ ತುರುಕುತ್ತಾರೆ. 2016ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸಲು ನಡೆಸಿದ ಚುನಾವಣೆಯಲ್ಲಿ ಹೀಗಾಯಿತು ಎಂದು ಅದರ ಜೊತೆಗೆ ಬರೆದಿತ್ತು. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು, ಅಂದರೆ 52 ಶೇಕಡಾ, ಇದು ಅಕ್ರಮಕ್ಕೆ ಬಲವಾದ ಸಾಕ್ಷಿ ಎಂದರು. ವಿಡಿಯೊ ರಷ್ಯಾದ್ದು. ಹುಡುಕಿ ನೋಡಲು ಇಂಟರ್ನೆಟ್ ಮುಂದೆಯೇ ಇತ್ತು, ಹುಡುಕಬಹುದು ಎಂದೂ ಹೇಳಿದ್ದರು. ಮೂಲ ಪತ್ತೆ ಹಚ್ಚಿದವರು ಮೂರೇ ಮೂರು ಜನ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಆ ವಿಡಿಯೊದಲ್ಲಿ ಯಾವ ಕೈಚಳಕವೂ ಇರಲಿಲ್ಲ. ದೃಶ್ಯ ಅಸಲಿ, ಅಕ್ರಮವೂ ಅಸಲಿ. ಸುಳ್ಳಿದ್ದದ್ದು ಜೊತೆಗೆ ಬರೆದ ಸಾಲಿನಲ್ಲಿ. ನೂರು ಸಲ ಹಿಂದೆ ಮುಂದೆ ಓಡಿಸಿ ನೋಡಿದರೂ ಅದು ಸಿಗುತ್ತಿರಲಿಲ್ಲ, ಯಾಕೆಂದರೆ ಅದು ವಿಡಿಯೊದ ಒಳಗೆ ಇರಲೇ ಇಲ್ಲ.

ರಾಜಕೀಯ ವಿಡಿಯೊಗಳಲ್ಲಿ ತೀರಾ ಸಾಮಾನ್ಯವಾದ ಮೋಸ ಇದೇ. ಹಳೆಯ ಗಲಭೆಯ ದೃಶ್ಯಕ್ಕೆ ನಿನ್ನೆಯ ದಿನಾಂಕ ಹಾಕುತ್ತಾರೆ. ಒಂದು ದೇಶದ ದೃಶ್ಯಕ್ಕೆ ಇನ್ನೊಂದು ದೇಶದ ಹೆಸರು ಅಂಟಿಸುತ್ತಾರೆ. ಆರ್ಮಾ 3 ಎಂಬ ವಿಡಿಯೊ ಗೇಮ್‌ನ ದೃಶ್ಯಗಳು ಎಷ್ಟೋ ಸಲ ಯುದ್ಧಭೂಮಿಯ ದೃಶ್ಯಗಳಾಗಿ ಹರಿದಾಡಿವೆ. ಕೊನೆಗೆ 2022ರಲ್ಲಿ ಗೇಮ್ ತಯಾರಿಸಿದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿಯೇ ಮುಂದೆ ಬಂದು, ಇಂಥ ಸುಳ್ಳು ಯುದ್ಧದ ವಿಡಿಯೊಗಳನ್ನು ಗುರುತಿಸುವುದು ಹೇಗೆ ಎಂದು ಜನರಿಗೆ ತಿಳಿಸಬೇಕಾಯಿತು.

ಇನ್ನೊಂದು ದಾರಿ ವೇಗ ಬದಲಿಸುವುದು. 2019ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯ ಸ್ಪೀಕರ್ ಆಗಿದ್ದ ನ್ಯಾನ್ಸಿ ಪೆಲೋಸಿ ಅವರ ಭಾಷಣವನ್ನು ಸುಮಾರು ಮುಕ್ಕಾಲು ವೇಗಕ್ಕೆ ಇಳಿಸಿ ಹರಿಬಿಟ್ಟರು. ಕುಡಿದು ತೊದಲುತ್ತಿದ್ದಾರೆ ಅನ್ನಿಸುವ ಹಾಗಿತ್ತು. ಲಕ್ಷಗಟ್ಟಲೆ ಜನ ನೋಡಿದರು. ಯಾವ ದುಬಾರಿ ತಂತ್ರಜ್ಞಾನವೂ ಬೇಕಾಗಲಿಲ್ಲ, ಫೋನಿನಲ್ಲಿ ಯಾರು ಬೇಕಾದರೂ ಮಾಡಬಹುದಾದ ಕೆಲಸ ಅದು.

ಕತ್ತರಿಸುವುದು ಇನ್ನೂ ಸುಲಭ. ಮಕ್ಕಳ ಅಪಹರಣದ ಬಗ್ಗೆ ಎಚ್ಚರಿಸಲು ಕರಾಚಿಯ ಒಂದು ಸಂಸ್ಥೆ ಕಿರುಚಿತ್ರ ಮಾಡಿತ್ತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ನಂತರ ವಾಪಸ್ ತಂದು ಬಿಟ್ಟು ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. 2018ರಲ್ಲಿ ಆ ಕೊನೆಯ ಭಾಗ ಕತ್ತರಿಸಿದ ತುಣುಕು ಭಾರತದಲ್ಲಿ ಮಕ್ಕಳ ಕಳ್ಳರ ನಿಜ ವಿಡಿಯೊ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಡಿತು. ಅದೇ ವರ್ಷ ಇಂಥ ವದಂತಿಗಳನ್ನು ನಂಬಿದ ಗುಂಪುಗಳು ಹಲವು ಅಮಾಯಕರನ್ನು ಹೊಡೆದು ಕೊಂದವು. ಕತ್ತರಿ ಆಡಿಸಿದ್ದು ಕೆಲವೇ ಸೆಕೆಂಡುಗಳ ಮೇಲೆ.

ಹಾಗಾದರೆ ವಿಡಿಯೊ ಒಳಗೆ ಸಿಗದ ಸುಳ್ಳನ್ನು ಹುಡುಕುವುದೆಲ್ಲಿ? ಹೊರಗೆ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಇನ್ನೊಂದು ಅಧ್ಯಯನ ಮಾಡಿದ್ದರು. ಪಿಎಚ್‌ಡಿ ಪಡೆದ 10 ಇತಿಹಾಸಕಾರರು, 10 ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು (ಸುದ್ದಿ ನಿಜವಾ ಎಂದು ಪರಿಶೀಲಿಸುವವರು), 25 ಪದವಿ ವಿದ್ಯಾರ್ಥಿಗಳನ್ನು ಕೂರಿಸಿ ವೆಬ್‌ಸೈಟ್‌ಗಳನ್ನು ಅಳೆಯಲು ಹೇಳಿದರು. ಇತಿಹಾಸಕಾರರು ಮತ್ತು ವಿದ್ಯಾರ್ಥಿಗಳು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಗಮನವಿಟ್ಟು ಓದಿದರು. ವಿನ್ಯಾಸ, ಲಾಂಛನ, ಭಾಷೆ ನೋಡಿದರು. ಅನೇಕರು ಮೋಸಹೋದರು. ಫ್ಯಾಕ್ಟ್‌ಚೆಕರ್‌ಗಳು ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಹೊಸ ಟ್ಯಾಬ್ ತೆರೆದರು, ಈ ಸಂಸ್ಥೆ ಯಾರದ್ದು, ಇದರ ಬಗ್ಗೆ ಬೇರೆಯವರು ಏನು ಬರೆದಿದ್ದಾರೆ ಎಂದು ಹುಡುಕಿದರು. ಬೇಗ ಮುಗಿಸಿದರು, ಸರಿಯಾದ ಉತ್ತರವನ್ನೂ ಕೊಟ್ಟರು.

ವಿಡಿಯೊಗೂ ಇದೇ ದಾರಿ. ಹೆಸರು ಗೊತ್ತಿಲ್ಲದ ಚಾನೆಲ್ ಆದರೆ ಪೂರ್ತಿ ನೋಡುವ ಮೊದಲೇ ಪಕ್ಕಕ್ಕೆ ಸರಿಯಬೇಕು. ನಡೆಸುವವರ ಹೆಸರು ಎಲ್ಲಾದರೂ ಇದೆಯಾ? ಹಳೆಯ ವಿಡಿಯೊಗಳು ಯಾವ ವಿಷಯದ್ದು? ಅಡುಗೆಯ ಚಾನೆಲ್ ಆಗಿದ್ದದ್ದು ಚುನಾವಣೆ ಹೊತ್ತಿಗೆ ದಿಢೀರನೆ ರಾಜಕೀಯ ವಿಶ್ಲೇಷಣೆಗೆ ಇಳಿದಿದ್ದರೆ, ಆ ಖಾತೆಯನ್ನು ಯಾರೋ ಕೊಂಡುಕೊಂಡಿರುವ ಸಾಧ್ಯತೆ ಇದೆ. ದೃಶ್ಯದ ಮೇಲೆಯೇ ಅನುಮಾನ ಇದ್ದರೆ ಬೇರೆ ಬೇರೆ ಕ್ಷಣಗಳ ಸ್ಕ್ರೀನ್‌ಶಾಟ್ ತೆಗೆದು ಒಂದು ಚಿತ್ರ ಕೊಟ್ಟರೆ ಅದು ಬೇರೆ ಎಲ್ಲೆಲ್ಲಿದೆ ಎಂದು ತೋರಿಸುವ ಗೂಗಲ್ ಲೆನ್ಸ್, ಯಾಂಡೆಕ್ಸ್ ಅಥವಾ ಟಿನ್‌ಐ ಮೂಲಕ ಹುಡುಕಬಹುದು. ಇನ್‌ವಿಡ್ ಎಂಬ ಬ್ರೌಸರ್ ಉಪಕರಣ ವಿಡಿಯೊವನ್ನು ಚಿತ್ರಗಳಾಗಿ ಬಿಡಿಸಿಯೇ ಕೊಡುತ್ತದೆ. ಅದೇ ದೃಶ್ಯ ನಾಲ್ಕು ವರ್ಷದ ಹಿಂದೆಯೇ ಅಪ್‌ಲೋಡ್ ಆಗಿರುವುದು ಸಿಕ್ಕಿದರೆ ಮಾತು ಮುಗಿಯಿತು. ಸಿಗದಿದ್ದರೆ? ಸಿಗಲಿಲ್ಲ ಅಂದ ಮಾತ್ರಕ್ಕೆ ವಿಡಿಯೊ ಹೊಸದು ಎಂದಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ.

ಇಷ್ಟು ಹೊತ್ತು ಹೇಳಿದ್ದು ಸುಳ್ಳನ್ನು ಹಿಡಿಯುವ ಕೆಲಸ. ಇದು ಸುಲಭದ ಭಾಗ. ಕಷ್ಟ ಇರುವುದು ಸುಳ್ಳೇ ಇಲ್ಲದ ವಿಡಿಯೊಗಳಲ್ಲಿ.

ವಾಲುವಿಕೆ ಮೊದಲು ಶುರುವಾಗುವುದು ಕ್ಯಾಮೆರಾ ಎಲ್ಲಿಟ್ಟಿದ್ದಾರೆ ಅನ್ನುವುದರಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಲ್ಯಾಸಿಟರ್ 1980ರ ದಶಕದಿಂದ ಪೊಲೀಸ್ ವಿಚಾರಣೆಯ ವಿಡಿಯೊಗಳ ಮೇಲೆ ಪ್ರಯೋಗ ಮಾಡಿದರು. ಒಂದೇ ತಪ್ಪೊಪ್ಪಿಗೆ, ಒಂದೇ ಮಾತು. ಆರೋಪಿಯ ಮುಖವನ್ನಷ್ಟೇ ತೋರಿಸಿದಾಗ ನೋಡಿದವರು, ಆತ ಸ್ವಇಚ್ಛೆಯಿಂದ ಒಪ್ಪಿಕೊಂಡ ಎಂದರು. ಪೊಲೀಸ್ ಅಧಿಕಾರಿಯೂ ಕಾಣುವಂತೆ ತೋರಿಸಿದಾಗ, ಒತ್ತಡ ಹಾಕಿದ್ದಾರೆ ಅನ್ನುವವರು ಹೆಚ್ಚಾದರು. ಪ್ರತಿಭಟನೆಯ ದೃಶ್ಯಗಳಿಗೆ ಇದನ್ನು ಹೊಂದಿಸಿ ನೋಡಿ. ಪೊಲೀಸರ ಬೆನ್ನ ಹಿಂದೆ ನಿಂತು ಹಿಡಿದ ವಿಡಿಯೊದಲ್ಲಿ ಕಲ್ಲು ನಮ್ಮ ಕಡೆಗೇ ಹಾರಿ ಬರುತ್ತದೆ. ಜನರ ನಡುವೆ ನಿಂತು ಹಿಡಿದದ್ದರಲ್ಲಿ ಲಾಠಿ ನಮ್ಮ ಮೇಲೆಯೇ ಬೀಳುತ್ತದೆ. ಎರಡರಲ್ಲೂ ಒಂದು ಚೂರೂ ಸುಳ್ಳಿಲ್ಲ.

ಆಮೇಲೆ ಜೋಡಣೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ತೋರಿಸಿದ್ದು ಇದನ್ನೇ. ಭಾವನೆ ಇಲ್ಲದ ಒಂದೇ ಮುಖದ ಶಾಟ್ ಪಕ್ಕಕ್ಕೆ ಸೂಪಿನ ಬಟ್ಟಲು ಇಟ್ಟರೆ ನೋಡುವವರಿಗೆ ಹಸಿವು ಕಾಣುತ್ತದೆ, ಶವಪೆಟ್ಟಿಗೆ ಇಟ್ಟರೆ ದುಃಖ ಕಾಣುತ್ತದೆ. ಸಂಸತ್ತಿನ ಭಾಷಣದ ತುಣುಕುಗಳಲ್ಲಿ ಈ ತಂತ್ರ ದಿನವೂ ನಡೆಯುತ್ತದೆ. ನಾಯಕರೊಬ್ಬರು ಮಾತಾಡುತ್ತಾರೆ, ಎದುರಾಳಿ ತಲೆ ತಗ್ಗಿಸಿ ಕೂತಿರುವ ಶಾಟ್ ಬರುತ್ತದೆ. ನಾಚಿಕೆಯಿಂದ ತಗ್ಗಿಸಿದರೋ, ಅರ್ಧ ಗಂಟೆ ಮೊದಲು ಕಾಗದ ಓದುತ್ತಿದ್ದಾಗಿನ ಶಾಟೋ, ನಮಗೆ ಹೇಗೆ ಗೊತ್ತಾಗಬೇಕು? ಪೂರ್ತಿ ಕಲಾಪದ ರೆಕಾರ್ಡಿಂಗ್ ಅನೇಕ ಸಂಸತ್ತುಗಳ ಅಧಿಕೃತ ಚಾನೆಲ್‌ಗಳಲ್ಲಿ ಉಚಿತವಾಗಿ ಸಿಗುತ್ತದೆ. ಯಾರೂ ನೋಡುವುದಿಲ್ಲ ಅನ್ನುವುದು ಬೇರೆ ಮಾತು!

ನನ್ನ ಪ್ರಕಾರ ಇವತ್ತು ಜಾಸ್ತಿ ಕೆಲಸ ಮಾಡುತ್ತಿರುವುದು ಇನ್ನೊಂದು ಬಗೆಯ ವಿಡಿಯೊ. ಒಬ್ಬರೇ ಕ್ಯಾಮೆರಾ ನೋಡಿ ಮಾತಾಡುವ, ನಡುನಡುವೆ ಗ್ರಾಫ್, ಪತ್ರಿಕೆಯ ತುಣುಕು, ನಕಾಶೆ ಬರುವ ಇಪ್ಪತ್ತು ನಿಮಿಷದ "ವಿವರಣೆ". ಇದರಲ್ಲಿ ಕೂಗಾಟ ಇಲ್ಲ. ಹಾಗಾಗಿ ನಂಬಿಕೆ ಬೇಗ ಹುಟ್ಟುತ್ತದೆ.

ಇಂಥ ವಿಡಿಯೊದ ಒಂದು ಮಾತಿನ ಸರಣಿಯನ್ನು ಊಹಿಸಿಕೊಳ್ಳಿ. "ಕಳೆದ ವರ್ಷ ಸರ್ಕಾರ ಈ ತೆರಿಗೆ ಏರಿಸಿತು. ಅದರಿಂದಲೇ ಸಾವಿರಾರು ಸಣ್ಣ ಅಂಗಡಿಗಳು ಮುಚ್ಚಿದವು. ದೊಡ್ಡ ಕಂಪನಿಗಳಿಗೆ ಲಾಭ ಮಾಡಿಕೊಡಲೆಂದೇ ಹೀಗೆ ಮಾಡಿದರು. ಮುಂದಿನ ಸರದಿ ನಿಮ್ಮ ಉಳಿತಾಯದ್ದು." ಮೊದಲ ವಾಕ್ಯ ವಾಸ್ತವ, ಸರ್ಕಾರಿ ಆದೇಶ ನೋಡಿ ಪರೀಕ್ಷಿಸಬಹುದು. ಎರಡನೆಯದು ಕಾರಣದ ಬಗ್ಗೆ ಹೇಳುತ್ತದೆ. ಅಂಗಡಿಗಳು ಮುಚ್ಚಿದ್ದು ನಿಜವೇ ಇರಬಹುದು, ತೆರಿಗೆಯಿಂದಲೇ ಮುಚ್ಚಿದವು ಅನ್ನಲು ಬೇರೆಯದೇ ಸಾಕ್ಷ್ಯ ಬೇಕು. ಮೂರನೆಯದು ಉದ್ದೇಶ. ಅದನ್ನು ಸಾಬೀತು ಮಾಡುವುದು ತುಂಬಾ ಕಷ್ಟ, ಹೇಳುವುದು ತುಂಬಾ ಸುಲಭ. ನಾಲ್ಕನೆಯದು ಬರೀ ಭವಿಷ್ಯ. ನಾಲ್ಕನ್ನೂ ಒಂದೇ ದನಿಯಲ್ಲಿ, ಒಂದೇ ವೇಗದಲ್ಲಿ ಹೇಳುತ್ತಾರೆ. ಮೊದಲ ವಾಕ್ಯಕ್ಕೆ ಆದೇಶದ ಪ್ರತಿಯನ್ನೂ ತೋರಿಸುತ್ತಾರೆ. ಆ ಪ್ರತಿ ಹುಟ್ಟಿಸಿದ ನಂಬಿಕೆ ಉಳಿದ ಮೂರಕ್ಕೂ ಹಬ್ಬುತ್ತದೆ.

ಇದಕ್ಕೆ ನಾನು ಮಾಡುವುದು ಇಷ್ಟೇ. ವಿಡಿಯೊದ ಮುಖ್ಯ ವಾದವನ್ನು ಎರಡು ಮೂರು ಸಾಲಲ್ಲಿ ಕಾಗದದ ಮೇಲೆ ಬರೆಯುತ್ತೇನೆ. ಹಿನ್ನೆಲೆ ಸಂಗೀತ ಹೋಯಿತು, ಮುಖಭಾವ ಹೋಯಿತು, ಮೌನದ ನಾಟಕ ಹೋಯಿತು. ಆಗ ಎಷ್ಟೋ ವಿಡಿಯೊಗಳಲ್ಲಿ "ಅವರು ಕೆಟ್ಟವರು" ಅನ್ನುವುದನ್ನು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಉಳಿದರೆ, ಪರೀಕ್ಷಿಸಲು ಯೋಗ್ಯವಾದದ್ದು ಕೈಗೆ ಸಿಕ್ಕಿತು.

ಗ್ರಾಫ್ ಬಂದಾಗ ವಿಡಿಯೊ ನಿಲ್ಲಿಸಲೇಬೇಕು. ಎರಡು ಸೆಕೆಂಡು ಮಿಂಚಿ ಹೋಗುವ ಗ್ರಾಫ್ ನೋಡುವುದಕ್ಕಲ್ಲ, ನಂಬುವುದಕ್ಕೆ. ಎತ್ತರದ ಅಳತೆ ಸೊನ್ನೆಯಿಂದ ಶುರುವಾಗಿದೆಯಾ? ಯಾವ ವರ್ಷದಿಂದ ಲೆಕ್ಕ? ಈ ಎರಡನೆಯ ಪ್ರಶ್ನೆ ಸಣ್ಣದಲ್ಲ. 2020ರಲ್ಲಿ ಕೋವಿಡ್‌ನಿಂದ ಬಹುತೇಕ ದೇಶಗಳ ಆರ್ಥಿಕತೆ ಕುಸಿಯಿತು. 2020ರಿಂದ ಲೆಕ್ಕ ಶುರು ಮಾಡಿದರೆ ಯಾವ ಸರ್ಕಾರವಾದರೂ ಮಿಂಚುತ್ತದೆ. 2019ರಿಂದ ಶುರು ಮಾಡಿದರೆ ಅದೇ ಸರ್ಕಾರ ತೆವಳಿದಂತೆ ಕಾಣುತ್ತದೆ. ಎರಡು ಚಾನೆಲ್‌ಗಳು ಒಂದೇ ಅಧಿಕೃತ ಅಂಕಿಯಿಂದ ತದ್ವಿರುದ್ಧ ವಿಡಿಯೊ ಮಾಡಬಹುದು. ಫ್ಯಾಕ್ಟ್‌ಚೆಕ್ ಮಾಡಿದರೆ ಎರಡೂ ಪಾಸಾಗುತ್ತವೆ.

ಹಾಗಾಗಿ ಪಕ್ಷಪಾತ ಹೆಚ್ಚಾಗಿ ಅಡಗಿರುವುದು ಹೇಳದೆ ಬಿಟ್ಟದ್ದರಲ್ಲಿ. ಆದರೆ ಬಿಟ್ಟದ್ದು ಕಣ್ಣಿಗೆ ಕಾಣುವುದಿಲ್ಲ, ಅದೇ ತೊಂದರೆ. ನನಗೆ ಗೊತ್ತಿರುವ ಒಳ್ಳೆಯ ಉಪಾಯ ಒಂದೇ: ಅದೇ ವಿಷಯದ ಬಗ್ಗೆ ಎದುರು ಪಾಳೆಯದ ಅತ್ಯುತ್ತಮ ವಿಡಿಯೊ ಹುಡುಕಿ ನೋಡುವುದು. ಅತ್ಯುತ್ತಮ ಅನ್ನುವುದು ಮುಖ್ಯ, ಯಾಕೆಂದರೆ ಪೆದ್ದು ಎದುರಾಳಿಯನ್ನು ಆರಿಸಿಕೊಂಡು ಗೆದ್ದೆವು ಅಂದುಕೊಳ್ಳುವುದು ನಮಗೆಲ್ಲ ಇಷ್ಟ. ಎರಡನ್ನೂ ನೋಡಿದ ಮೇಲೆ, ಇಬ್ಬರೂ ಒಪ್ಪುವ ಸಂಗತಿಗಳನ್ನು ಹೆಚ್ಚು ಕಡಿಮೆ ಗಟ್ಟಿ ಎಂದು ಇಟ್ಟುಕೊಳ್ಳಬಹುದು. ಇಬ್ಬರೂ ನೇರವಾಗಿ ಜಗಳವಾಡುವ ಸಂಗತಿಗಳಿಗೆ ಮೂಲ ದಾಖಲೆ ಬೇಕು. ಒಬ್ಬರು ಹತ್ತು ನಿಮಿಷ ಹೇಳಿ, ಇನ್ನೊಬ್ಬರು ಬಾಯೇ ಬಿಡದ ಸಂಗತಿ ಯಾವುದು ನೋಡಿ. ವಾಲುವಿಕೆ ಎಷ್ಟು, ಯಾವ ಕಡೆಗೆ ಅನ್ನುವುದು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಇದರ ಅರ್ಥ ಸತ್ಯ ಯಾವಾಗಲೂ ನಡುವಿನಲ್ಲಿ ಇರುತ್ತದೆ ಎಂದಲ್ಲ. ಒಬ್ಬರು ಮಳೆ ಬರುತ್ತಿದೆ ಅಂದು, ಇನ್ನೊಬ್ಬರು ಇಲ್ಲ ಅಂದರೆ, ಅರ್ಧ ಮಳೆ ಬರುತ್ತಿದೆ ಅನ್ನುವುದು ಉತ್ತರವಾಗುವುದಿಲ್ಲ. 2011ರಲ್ಲಿ ಬಿಬಿಸಿಯ ವಿಜ್ಞಾನ ವರದಿಗಾರಿಕೆಯನ್ನು ಪರಿಶೀಲಿಸಿದ ತಳಿವಿಜ್ಞಾನಿ ಸ್ಟೀವ್ ಜೋನ್ಸ್ ಇದನ್ನೇ ಎತ್ತಿ ತೋರಿಸಿದ್ದರು. ಸಮತೋಲನದ ಹೆಸರಿನಲ್ಲಿ ಅಂಚಿನ ಅಭಿಪ್ರಾಯಗಳಿಗೆ ಅತಿಯಾದ ಜಾಗ ಸಿಗುತ್ತಿದೆ ಎಂದರು. ಚಾನೆಲ್‌ಗಳನ್ನು ಎಡ, ಬಲ, ನಡು ಎಂದು ವಿಂಗಡಿಸುವ ಪಟ್ಟಿಗಳ ಮಿತಿಯೂ ಇಲ್ಲೇ ಇದೆ. ಒಂದು ಚಾನೆಲ್ ಎಲ್ಲಿ ನಿಂತಿದೆ ಎಂದು ಅವು ತಿಳಿಸುತ್ತವೆ. ನಿನ್ನೆಯ ವಿಡಿಯೊದಲ್ಲಿ ಅದು ಹೇಳಿದ್ದು ಸರಿಯೋ ಎಂದು ತಿಳಿಸುವುದಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸರ್ಕಾರದ ಹಣದಿಂದ ನಡೆಯುವ ಸುದ್ದಿ ಚಾನೆಲ್‌ಗಳ ವಿಡಿಯೊ ಕೆಳಗೆ ಯೂಟ್ಯೂಬ್ 2018ರಿಂದ ಒಂದು ಸಾಲು ತೋರಿಸುತ್ತಿದೆ. ರಾಜಕೀಯ ಜಾಹೀರಾತಿಗೆ ಯಾರು ಹಣ ಕೊಟ್ಟರು ಎಂದು ನೋಡಲು ಗೂಗಲ್ ಮತ್ತು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಎರಡೂ ಸಾರ್ವಜನಿಕ ಸಂಗ್ರಹ ಇಟ್ಟಿವೆ. ಪಕ್ಷಗಳು ಬೇರೆ ಹೆಸರಿನ ಪುಟಗಳಿಗೆ, ಇನ್‌ಫ್ಲುಯೆನ್ಸರ್‌ಗಳಿಗೆ ಕೊಡುವ ದುಡ್ಡು ಅಲ್ಲಿ ಕಾಣುವುದಿಲ್ಲ. ಯಾರ ಹಣವೂ ಇಲ್ಲದ, ವೀಕ್ಷಕರನ್ನೇ ನಂಬಿದ ಚಾನೆಲ್ ಪೂರ್ತಿ ಸ್ವತಂತ್ರ ಅನ್ನುವಂತೆಯೂ ಇಲ್ಲ. ಚಂದಾದಾರರು ಏನು ಕೇಳಲು ಬಯಸುತ್ತಾರೋ ಅದರಿಂದ ಆಚೆ ಹೋಗುವುದು ಅವರಿಗೂ ಕಷ್ಟ. ಈ ಒತ್ತಡದ ಬಗ್ಗೆ ಯಾಕೋ ಕಡಿಮೆ ಮಾತಾಡುತ್ತೇವೆ.

ಒಂದು ಚಾನೆಲ್‌ ನಂಬಿಕೆಗೆ ಅರ್ಹವಾ ಎಂದು ಅಳೆಯಲು ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಬೇರೆ ಇದೆ. ತಪ್ಪಾದಾಗ ಅವರು ಏನು ಮಾಡುತ್ತಾರೆ? ತಿದ್ದುಪಡಿಯನ್ನು ವಿಡಿಯೊದಲ್ಲೇ ಹೇಳುತ್ತಾರಾ, ಕೆಳಗೆ ಬರೆಯುತ್ತಾರಾ, ಅಥವಾ ಸದ್ದಿಲ್ಲದೆ ವಿಡಿಯೊ ತೆಗೆದುಬಿಡುತ್ತಾರಾ? ತಮ್ಮ ಕಡೆಯವರೇ ಎಡವಿದ ದಿನ ಆ ಸುದ್ದಿ ಮಾಡಿದ್ದಾರಾ? ಹಳೆಯ ವಿಡಿಯೊಗಳ ಪಟ್ಟಿಯಲ್ಲಿ ಹತ್ತು ನಿಮಿಷ ಓಡಾಡಿದರೆ ಗೊತ್ತಾಗುತ್ತದೆ.

ಇನ್ನು ನೋಡುವವರ ಕಡೆಯ ಸಮಸ್ಯೆ. 1982ರಲ್ಲಿ ಲೆಬನಾನ್‌ನ ಬೈರೂತ್‌ನಲ್ಲಿದ್ದ ಪ್ಯಾಲೆಸ್ತೀನ್ ನಿರಾಶ್ರಿತರ ಶಿಬಿರಗಳಲ್ಲಿ ಹತ್ಯಾಕಾಂಡ ನಡೆಯಿತು. ಅಮೆರಿಕದ ಟೀವಿ ಅದನ್ನು ವರದಿ ಮಾಡಿದ ಸುದ್ದಿ ತುಣುಕುಗಳನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಸ್ರೇಲ್ ಪರ ಮತ್ತು ಅರಬ್ ಪರ ವಿದ್ಯಾರ್ಥಿಗಳಿಗೆ ತೋರಿಸಿದರು. ಫಲಿತಾಂಶ 1985ರಲ್ಲಿ ಪ್ರಕಟವಾಯಿತು. ಎರಡೂ ಗುಂಪು ನೋಡಿದ್ದು ಒಂದೇ ತುಣುಕುಗಳನ್ನು. ಎರಡೂ ಗುಂಪು ಹೇಳಿದ್ದು, ಇದು ನಮ್ಮ ವಿರುದ್ಧ ಪಕ್ಷಪಾತ ಮಾಡಿದೆ ಎಂದು! ಹಾಗಾಗಿ "ಇದು ಪಕ್ಷಪಾತಿ" ಎಂದು ಅನ್ನಿಸುವುದು ವಿಡಿಯೊದ ಅಳತೆಯಾಗಿರಬೇಕೆಂದೇನಿಲ್ಲ. ಅದು ನಾವು ನಿಂತ ಜಾಗದ ಅಳತೆಯೂ ಆಗಿರಬಹುದು, ಅಲ್ವಾ? ಇದಕ್ಕೆ ಪೂರ್ತಿ ಮದ್ದಿಲ್ಲ. ಪಕ್ಷದ ಹೆಸರುಗಳನ್ನು ಮನಸ್ಸಿನಲ್ಲೇ ಅದಲು ಬದಲು ಮಾಡಿ ನೋಡಬಹುದು. ಇದೇ ಸಾಕ್ಷ್ಯ, ಇದೇ ಮಸುಕು ಕ್ಲಿಪ್, ನಾನು ಮತ ಹಾಕುವ ಪಕ್ಷದ ಮೇಲೆ ಬಂದಿದ್ದರೆ ಒಪ್ಪುತ್ತಿದ್ದೆನಾ? ಇಲ್ಲ ಅನ್ನಿಸಿದರೆ ಆ ವಿಡಿಯೊ ಇನ್ನೂ ಏನನ್ನೂ ಸಾಬೀತು ಮಾಡಿಲ್ಲ.

ಕೃತಕ ಬುದ್ಧಿಮತ್ತೆಯಿಂದ (ಎಐ) ಮಾಡಿದ ನಕಲಿ ವಿಡಿಯೊಗಳ, ಅಂದರೆ ಡೀಪ್‌ಫೇಕ್‌ಗಳ ಮಾತಿಗೆ ಬರೋಣ. ಕಣ್ಣು ಮಿಟುಕಿಸುತ್ತಾರಾ, ಬೆರಳು ಸರಿಯಾಗಿವೆಯಾ ನೋಡಿ ಅನ್ನುವ ಸಲಹೆಗಳಿಗೆ ಆಯಸ್ಸು ಕಡಿಮೆ. 2018ರಲ್ಲಿ ಸಂಶೋಧಕರು, ಡೀಪ್‌ಫೇಕ್ ಮುಖಗಳು ಸರಿಯಾಗಿ ಕಣ್ಣು ಮಿಟುಕಿಸುವುದಿಲ್ಲ ಎಂದು ತೋರಿಸಿದರು. ಸ್ವಲ್ಪ ದಿನದಲ್ಲೇ ಮಿಟುಕಿಸುವ ಡೀಪ್‌ಫೇಕ್‌ಗಳು ಬಂದವು. ಇನ್ನೊಂದು ಅಪಾಯ ಇದರ ತಿರುವುಮುರುವು: ಅಸಲಿ ವಿಡಿಯೊವನ್ನೇ ನಕಲಿ ಎಂದು ತಳ್ಳಿಹಾಕುವುದು. 2018ರ ಜುಲೈನಲ್ಲಿ ಸೈನಿಕರು ಇಬ್ಬರು ಹೆಂಗಸರನ್ನೂ ಅವರ ಮಕ್ಕಳನ್ನೂ ಗುಂಡಿಟ್ಟು ಕೊಲ್ಲುವ ವಿಡಿಯೊ ಹೊರಬಂತು. ಇದು ಕ್ಯಾಮರೂನ್‌ನಲ್ಲಿ ನಡೆದದ್ದು ಎಂಬ ಆರೋಪವನ್ನು ಆ ದೇಶದ ಸರ್ಕಾರ ಸುಳ್ಳು ಸುದ್ದಿ ಎಂದಿತು. ಬಿಬಿಸಿಯ ಆಫ್ರಿಕಾ ತನಿಖಾ ತಂಡ ದೃಶ್ಯದ ಹಿಂದಿನ ಬೆಟ್ಟದ ಅಂಚನ್ನು ಉಪಗ್ರಹ ಚಿತ್ರಗಳ ಜೊತೆ ಹೋಲಿಸಿ ಜಾಗ ಗುರುತಿಸಿತು. ಕಾಣುವ ಕಟ್ಟಡಗಳು, ನಡೆದು ಬರುವ ಸೈನಿಕರ ನೆರಳಿನ ಕೋನ, ಇವುಗಳಿಂದ ಕೊಲೆ ನಡೆದದ್ದು 2015ರ ಮಾರ್ಚ್ ಕೊನೆ, ಏಪ್ರಿಲ್ ಆರಂಭದ ನಡುವೆ ಎಂದು ಲೆಕ್ಕ ಹಾಕಿತು. 2020ರಲ್ಲಿ ಕ್ಯಾಮರೂನ್‌ನ ಸೇನಾ ನ್ಯಾಯಾಲಯವೇ ನಾಲ್ವರು ಸೈನಿಕರಿಗೆ 10 ವರ್ಷ ಜೈಲು ವಿಧಿಸಿತು. "ಎಲ್ಲಾ ಎಐ, ಯಾವುದನ್ನೂ ನಂಬಬೇಡಿ" ಅನ್ನುವುದು ಕೇಳಲು ಜಾಣತನದ ಮಾತು. ಅಧಿಕಾರದಲ್ಲಿ ಇರುವವರಿಗೆ ಅದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ.

ಇಷ್ಟೆಲ್ಲ ಪರೀಕ್ಷೆಗೆ ಸಮಯ ಬೇಕು. ಎಲ್ಲ ವಿಡಿಯೊಗಳಿಗೂ ಮಾಡುತ್ತಾ ಕೂರಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಇನ್ನೊಬ್ಬರಿಗೆ ಕಳಿಸಲು ಹೊರಟ ವಿಡಿಯೊ, ಮತ ಬದಲಿಸುವಷ್ಟು ತೂಕದ ವಿಡಿಯೊ, ಇವೆರಡಕ್ಕೆ ಮಾಡಿದರೆ ಸಾಕು. ಸಮಯವೇ ಸಿಗದಂತೆ ನೋಡಿಕೊಳ್ಳುವುದು ಕೆಲವರ ಲೆಕ್ಕಾಚಾರ. ಸ್ಲೊವಾಕಿಯಾದಲ್ಲಿ 2023ರ ಸೆಪ್ಟೆಂಬರ್ 30ರಂದು ಚುನಾವಣೆ ಇತ್ತು. ಅದಕ್ಕೆ ಎರಡು ದಿನ ಮೊದಲು ಒಂದು ಆಡಿಯೊ ಹರಡಿತು. ಪ್ರೋಗ್ರೆಸಿವ್ ಸ್ಲೊವಾಕಿಯಾ ಪಕ್ಷದ ನಾಯಕ ಮಿಖಾಲ್ ಶಿಮೆಚ್ಕಾ ಪತ್ರಕರ್ತೆಯೊಬ್ಬರ ಜೊತೆ ಮತ ಕೊಳ್ಳುವ ಬಗ್ಗೆ ಮಾತಾಡುತ್ತಿರುವಂತೆ ಅದರಲ್ಲಿ ಕೇಳಿಸುತ್ತಿತ್ತು. ಇಬ್ಬರೂ ನಿರಾಕರಿಸಿದರು. ಎಐನಿಂದ ತಿರುಚಿದ ಲಕ್ಷಣಗಳಿವೆ ಎಂದು ಸುದ್ದಿ ಸಂಸ್ಥೆ ಎಎಫ್‌ಪಿಯ ಫ್ಯಾಕ್ಟ್‌ಚೆಕ್ ತಂಡ ಹೇಳಿತು. ಆದರೆ ಅಲ್ಲಿನ ಕಾನೂನಿನ ಪ್ರಕಾರ ಮತದಾನಕ್ಕೆ 48 ಗಂಟೆ ಮೊದಲಿನಿಂದ ಪ್ರಚಾರಕ್ಕೆ ತಡೆ ಇತ್ತು. ಪಕ್ಷವಾಗಲಿ ಮಾಧ್ಯಮಗಳಾಗಲಿ ದೊಡ್ಡ ದನಿಯಲ್ಲಿ ಉತ್ತರ ಕೊಡುವುದು ಕಷ್ಟವಾಯಿತು. ಇಂಥ ಕ್ಲಿಪ್ ಮತದಾನದ ಹಿಂದಿನ ರಾತ್ರಿ ಫೋನಿಗೆ ಬಂದರೆ ತಂತ್ರಜ್ಞಾನದ ಪರೀಕ್ಷೆಗೆ ಹೊತ್ತಿರುವುದಿಲ್ಲ. ಮೊದಲು ಹಾಕಿದ್ದು ಯಾರು, ಪೂರ್ತಿ ರೆಕಾರ್ಡಿಂಗ್ ಎಲ್ಲಿ, ಇದು ಮೂರು ವಾರ ಮೊದಲೇ ಯಾಕೆ ಹೊರಬರಲಿಲ್ಲ ಎಂದು ಕೇಳಲು ಒಂದು ನಿಮಿಷ ಸಾಕು.